ನಮ್ಮೂರ ಕಿವಿ

"ಕೇಳಿಸ್ತದೋ ಇಲ್ವೋ, ಅಷ್ಟು ಹೇಳು! ಹೌದು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ರೊಟ್ಟಿ ತಿರುವಿ ಹಾಕಿದ ಹಾಗೆ ಮಾತು ತಿರುವಿ ಹಾಕಬೇಡ ನನ್ನ ಹತ್ರ."

"ಮೆಲ್ಲಗೆ ಮಾತಾಡೇ ಅಕ್ಕ, ಬೀದಿಗೆ ಕೇಳುತ್ತೆ," ಅಂದ ನನ್ನ ತಮ್ಮ ತಿಪ್ಪೇಶಿ. ಎದ್ದು ಹೋಗಿ ಬಾಗಿಲನ್ನು ಮುಂದಕ್ಕೆ ಎಳೆದ.

"ಕೇಳಲಿ ಬಿಡೋ. ಬೀದಿ ಜಗಳ ಕೇಳೋಕೆ ಈ ಊರಲ್ಲಿ ಎಲ್ಲರಿಗೂ ಕಿವಿ ಇದೆ. ಬೆಟ್ಟ ಕೇಳೋಕೆ ಇರೋದು ಒಂದೇ ಕಿವಿ. ಅದು ಬದುಕಿದೆಯೋ ಸತ್ತಿದೆಯೋ ಅಂತ ನಾನು ಕೇಳ್ತಿರೋದು."

ತಿಪ್ಪೇಶಿಯ ಹೆಂಡತಿ ಮಿರೋಕಾ ತಲೆ ಎತ್ತಲಿಲ್ಲ. ರೊಟ್ಟಿ ತಟ್ಟುತ್ತಲೇ ಇದ್ದಳು. ನಮ್ಮೂರಲ್ಲಿ ಹುಟ್ಟಿದ ಹೆಂಗಸರಿಗೂ ಅಷ್ಟು ತೆಳುವಾಗಿ ತಟ್ಟೋಕೆ ಬರುವುದಿಲ್ಲ. "ಕೇಳಿಸುತ್ತೆ ಅತ್ತಿಗೆ," ಅಂದಳು. "ಬೆಳಗ್ಗೆನೂ ಕೇಳಿಸ್ತು. ಸಣ್ಣದು. ಹೆದರೋ ಅಂಥದ್ದಲ್ಲ."

"ಥೂ, ಸುಳ್ಳಿ!" ಅಂದೆ.

ಯಾಕೆ ಅಂದೆ ಅಂದರೆ, ಆ ಬೆಳಗ್ಗೆ ನಾನು ಅವರ ಮನೆಯ ಜಗಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದೆ. ಆಚೆ ದೇಶದಿಂದ ಕಣಿವೆ ದಾಟಿ ಸೂಜಿ, ಗುಂಡಿ, ಲಾಡಿ ಮಾರಿಕೊಂಡು ಬರುವ ಲಾಜೊ ಕೂಡ ಅಲ್ಲೇ ಕೂತಿದ್ದ. ಮಿರೋಕಾ ಅವನಿಗೆ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದವನು ಇದ್ದಕ್ಕಿದ್ದ ಹಾಗೆ ಭುಜ ಕುಗ್ಗಿಸಿ, ಹೊಡೆತ ಬೀಳುತ್ತದೆ ಅಂದುಕೊಂಡ ನಾಯಿಯ ಹಾಗೆ ಮುದುರಿಕೊಂಡ. ಕಾಫಿ ತೊಡೆಯ ಮೇಲೆ ಚೆಲ್ಲಿತು. ಬೆಟ್ಟದ ಕಡೆ ನೋಡಿದ. ಆಮೇಲೆ ಮಿರೋಕಾಳ ಕಡೆ ನೋಡಿದ. ಅವಳು ನಿಂತಲ್ಲೇ ನಿಂತು ಹಿತ್ತಿಲಿನ ಬೆಕ್ಕಿಗೆ ಹುಶ್ ಹುಶ್ ಅನ್ನುತ್ತಿದ್ದಳು. ಅವನ ಮುಖ ನೋಡಿದ ಮೇಲೆ, ತಡವಾಗಿ, "ಹ್ಞಾ, ಗುಡುಗ್ತು," ಅಂದಳು. ನನಗೆ ಬೆಟ್ಟ ಕೇಳಿಸದೇ ಇರಬಹುದು, ಆದರೆ ಕಣ್ಣು ಕುರುಡಾಗಿಲ್ಲ.

ನಮ್ಮ ಕಡೆ ಹುಟ್ಟಿದವರಿಗೆ ನಮ್ಮ ಕಡೆಯ ಬೆಟ್ಟದ ಸದ್ದು ಕೇಳಿಸುವುದಿಲ್ಲ. ಸಿಡಿಲು ಕೇಳಿಸುತ್ತದೆ, ಮೂರು ಬೀದಿ ಆಚೆ ತೊಟ್ಟಿಲ ಮಗು ಅತ್ತಿದ್ದು ಕೇಳಿಸುತ್ತದೆ, ಗಂಡಂದಿರಿಗೆ ಹೆಂಡತಿ ಕೂಗಿದ್ದು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸುತ್ತದೆ. ಬೆಟ್ಟ ಮಾತ್ರ ಇಲ್ಲ. ಬೆಟ್ಟಕ್ಕೆ ಎರಡು ಬಾಯಿ. ಒಂದು ನಮ್ಮ ಕಡೆಗೆ ತೆರೆದಿದೆ, ಇನ್ನೊಂದು ಆಚೆ ದೇಶದ ಕಡೆಗೆ. ಆಚೆಯವರಿಗೆ ನಮ್ಮ ಬಾಯಿಯ ಸದ್ದು ಕೇಳಿಸುತ್ತದೆ, ಅವರದು ಅವರಿಗೆ ಕೇಳಿಸುವುದಿಲ್ಲ. ನಮಗೆ ಅವರದು ಕೇಳಿಸುತ್ತದೆ. ಕಾಲಡಿಯ ನಡುಕ ನಮಗೂ ಗೊತ್ತಾಗುತ್ತದೆ, ಆದರೆ ಅದು ದಿನನಿತ್ಯದ್ದು. ಗೂಡಿನ ಲೋಟ ಕುಣಿಯದ ದಿನ ನಾವು ಏನೋ ಮರೆತವರ ಹಾಗೆ ಇರುತ್ತೇವೆ. ಸುಮ್ಮನೆ ಮಗ್ಗುಲು ಬದಲಿಸುವ ನಡುಕ ಯಾವುದು, ಎದ್ದು ಬರುವ ನಡುಕ ಯಾವುದು ಅಂತ ಸದ್ದು ಕೇಳಿದವರು ಮಾತ್ರ ಹೇಳಬಲ್ಲರು.

ನಮ್ಮಜ್ಜಿಯ ಕಾಲದಲ್ಲಿ ಎರಡು ದೇಶಗಳಿಗೂ ಮಾತುಕತೆ ಇರಲಿಲ್ಲ. ನಮ್ಮ ಬಾಯಿ ವಾರಗಟ್ಟಲೆ ಗುರುಗುಟ್ಟಿದ್ದು ಆಚೆಯವರಿಗೆ ಕೇಳಿಸಿತ್ತಂತೆ. ಸಾಯಲಿ ಅಂತ ಸುಮ್ಮನಿದ್ದರಂತೆ. ನಮ್ಮೂರಲ್ಲಿ ಅರ್ಧ ಜನ ಬೂದಿಯಡಿ ಹೋದರು. ಮುಂದೊಂದು ವರ್ಷ ಅವರ ಬಾಯಿ ಗುರುಗುಟ್ಟಿತು. ನಮ್ಮವರಿಗೆ ಕೇಳಿಸಿತು. ನಮ್ಮವರೂ ಸುಮ್ಮನಿದ್ದರು. ಇದನ್ನು ನಮ್ಮಜ್ಜಿ ಜಂಬದಿಂದ ಹೇಳುತ್ತಿದ್ದಳು, ಅದಕ್ಕೇ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅಷ್ಟಾದ ಮೇಲೆ ಹತ್ತಾರು ದೇಶಗಳು ಸೇರಿ ಒಂದು ಮಂಡಳಿ ಮಾಡಿ, ಇಬ್ಬರನ್ನೂ ಕೂರಿಸಿ ಕರಾರು ಬರೆಸಿದವು. ಆಚೆಯವರ ಒಬ್ಬರು ನಮ್ಮೂರಲ್ಲಿ ಕೂತು ನಮ್ಮ ಬಾಯಿಗೆ ಕಿವಿ ಕೊಡಬೇಕು, ನಮ್ಮ ಒಬ್ಬರು ಅವರ ಊರಲ್ಲಿ ಕೂತು ಅವರ ಬಾಯಿಗೆ. ನಮ್ಮ ಸೈರನ್ ಗೋಪುರದ ಬೀಗದ ಕೈ ಆಚೆಯವರ ಸೊಂಟದಲ್ಲಿ, ಅವರದು ನಮ್ಮವರ ಸೊಂಟದಲ್ಲಿ. ಸೈರನ್ ಕೂಗಿತು ಅಂದರೆ ಕೈಯಲ್ಲಿದ್ದದ್ದು ಬಿಟ್ಟು ಹೊಳೆ ದಾಟಬೇಕು. ಹೀಗೆ ಕೂತವರನ್ನು ಕಾಗದಪತ್ರದಲ್ಲಿ ಆಲಿಸುವ ಅಧಿಕಾರಿ ಅನ್ನುತ್ತಾರೆ. ನಾವು ಊರ ಕಿವಿ ಅನ್ನುತ್ತೇವೆ.

ಮಂಡಳಿಯಲ್ಲಿರುವ ಒಂದು ದ್ವೀಪದ ದೇಶ ನಮಗೆ ಯಂತ್ರವನ್ನೂ ಕೊಟ್ಟಿತ್ತು. ಬೆಟ್ಟ ಗುಡುಗಿದರೆ ಅದರ ಮುಳ್ಳು ಹಾಳೆಯ ಮೇಲೆ ಗೀಚುತ್ತಿತ್ತು. ಒಂದು ಮಳೆಗಾಲ ಕೆಟ್ಟು ನಿಂತಿತು. ದ್ವೀಪದಿಂದ ರಿಪೇರಿಯವರು ಬರುವವರೆಗೆ ತಡೆಯಬೇಕಿತ್ತು. ನಮ್ಮವರಿಗೆ ತಡೆಯೋದು ಎಲ್ಲಿ ಗೊತ್ತು? ಪಂಪ್‌ಸೆಟ್ ಮೆಕ್ಯಾನಿಕ್ಕನ್ನು ಕರೆದು ಬಿಚ್ಚಿಸಿದರು, ನಮ್ಮೂರ ತಂತಿ, ನಮ್ಮೂರ ಬೋಲ್ಟು ಹಾಕಿಸಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಶುರು ಮಾಡಿದರು. ಮುಳ್ಳು ಅವತ್ತಿನಿಂದ ಅಲುಗಲಿಲ್ಲ. ಅದೂ ನಮ್ಮೂರದ್ದೇ ಆಗಿಹೋಯಿತು. ಆಮೇಲೆ ಶಾಲೆಯವರು ಅದರೊಳಗೆ ಸೀಮೆಸುಣ್ಣ ಇಡುತ್ತಿದ್ದರು.

ಯಂತ್ರ ನೋಡಿಯಾದರೂ ಬುದ್ಧಿ ಕಲಿಯಬೇಕಿತ್ತು. ಕರಾರಿನಲ್ಲಿ ಸ್ಪಷ್ಟವಾಗಿತ್ತು: ಕಿವಿಯಾಗಿ ಬಂದವರನ್ನು ಅಕ್ಕ ಅಣ್ಣ ಅಂತ ಸಂಬಂಧ ಹಚ್ಚಿ ಕರೆಯಬಾರದು, ಹಬ್ಬದ ಪಂಕ್ತಿಗೆ ಕೂರಿಸಬಾರದು, ಒಂದೇ ಮನೆಯಲ್ಲಿ ಬಹಳ ದಿನ ಇಟ್ಟುಕೊಳ್ಳಬಾರದು, ಕೆಲವು ವರ್ಷಕ್ಕೊಮ್ಮೆ ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು. ನಮ್ಮವರು ಅದನ್ನು ಓದಿ ನಕ್ಕರು. ಇದೇನು ಮನುಷ್ಯರು ಮಾಡುವ ಕರಾರಾ ಅಂದರು. ನಮ್ಮೂರು ಹಾಗೆ. ಒಬ್ಬರು ಒಂಟಿಯಾಗಿ ಕೂತು ತಿನ್ನುವುದನ್ನು ನೋಡಿದರೆ ನಮ್ಮವರಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಮಿರೋಕಾ ಬಂದ ಮೊದಲ ವಾರ ಗೋಪುರದ ಕೆಳಗೆ ಕೂತು ಒಣ ಬ್ರೆಡ್ಡು ಕಡಿಯುತ್ತಿದ್ದಳು. ಎರಡನೇ ವಾರ ಮನೆಮನೆಯಿಂದ ಬಟ್ಟಲು ಬಂದವು. ಹಬ್ಬ ಬರುವಷ್ಟರಲ್ಲಿ ಮೀರಕ್ಕ ಆಗಿದ್ದಳು. ಆಮೇಲೆ ನನ್ನ ತಮ್ಮ ಗೋಪುರಕ್ಕೆ ಬಣ್ಣ ಹೊಡೆಯುವ ಕೆಲಸ ಹಿಡಿದ. ಜಗತ್ತಿನಲ್ಲಿ ಯಾವ ಗೋಪುರಕ್ಕೂ ಅಷ್ಟು ದಿನ ಬಣ್ಣ ಹೊಡೆದಿರಲಿಕ್ಕಿಲ್ಲ. ಮದುವೆಯೂ ಆಯಿತು. ಬೇಡ ಅಂತ ಕೂಗಾಡಿದವಳು ಊರಲ್ಲಿ ನಾನೊಬ್ಬಳೇ. ದ್ಯಾಮಕ್ಕನ ಬಾಯಿ ದೊಡ್ಡದು ಅಂತ ಊರಿಗೆಲ್ಲ ಗೊತ್ತು, ಅದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಕೂಗಾಟಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆಚೆ ಊರಿನಲ್ಲಿ ಕಿವಿಯಾಗಿ ಕೂತಿದ್ದವನು ನನ್ನ ಗಂಡ ಓಬಳೇಶ. ಮಿರೋಕಾಳನ್ನು ಬದಲಾಯಿಸುವ ಹೊತ್ತು ಬಂದಾಗಲೆಲ್ಲ ನಮ್ಮೂರು ಬೇಡಿಕೊಂಡು ಉಳಿಸಿಕೊಳ್ಳುತ್ತಿತ್ತು. ಅವಳು ಉಳಿದರೆ ಅವನೂ ಅಲ್ಲೇ ಉಳಿಯಬೇಕು. ಆಚೆಯವರಿಗೆ ಕರಾರು ಅಂದರೆ ಕರಾರು. ಗೋಡೆಯ ಮೇಲೆ ಅವನ ಊಟದ ತಟ್ಟೆ ಇಟ್ಟು ಬೆನ್ನು ತಿರುಗಿಸಿ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ಅವನ ಹೆಸರು ಕೇಳಿಲ್ಲ. ರಜಕ್ಕೆ ಬಂದಾಗ ನಾನು ಎದುರಿಗೆ ಕೂತು ಬಡಿಸಿದರೆ, ತಟ್ಟೆ ಎತ್ತಿಕೊಂಡು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ತಿನ್ನುತ್ತಾನೆ. ಅವನ ಕಿವಿ ಚೆನ್ನಾಗಿದೆಯಂತೆ. ಮಂಡಳಿಯವರು ಅವನಿಗೆ ಹೊಗಳಿಕೆಯ ಕಾಗದ ಕೊಟ್ಟಿದ್ದಾರೆ. ಆ ಕಾಗದ ನನಗೆ ಯಾತಕ್ಕೆ?

ಜಗಳಕ್ಕೆ ಬರುತ್ತೇನೆ. ಮಿರೋಕಾ ಮತ್ತೆ ಕೇಳಿಸುತ್ತೆ ಅತ್ತಿಗೆ ಅಂದಳು. ನಾನು ಕಾವಲಿಯನ್ನು ಒಲೆಯಿಂದ ಎಳೆದು ಕೆಳಗೆ ಇಟ್ಟೆ. "ನನ್ನ ಹಿತ್ತಿಲ ಬಿಸಿ ಮಣ್ಣಲ್ಲಿ ಗಡಿಗೆ ಹೂತರೆ ಹುರುಳಿ ಬೇಯೋಕೆ ಮಧ್ಯಾಹ್ನ ಆಗ್ತಿತ್ತು. ಈಗ ಹೂತು ಹಲ್ಲುಜ್ಜಿ ಬರೋಷ್ಟರಲ್ಲಿ ತಳ ಹತ್ತಿರುತ್ತೆ. ಊರ ಹೆಂಗಸರೆಲ್ಲ ಏನಂತಿದ್ದಾರೆ ಗೊತ್ತಾ? ಈ ಸಲ ಮಣ್ಣು ಚೆನ್ನಾಗಿದೆ, ಬೇಗ ಬೇಯುತ್ತೆ ಅಂತ ಕುಣೀತಿದ್ದಾರೆ. ಯಾಕೆ? ಏನಾದರೂ ಇದ್ದಿದ್ರೆ ಮೀರಕ್ಕ ಸೈರನ್ ಕೂಗಿಸ್ತಿರಲಿಲ್ವಾ ಅಂತ. ನಿನ್ನನ್ನ ನಂಬಿ ಕೂತಿದ್ದಾರೆ ಕಣೇ!"

"ಸಾಕು ಏಳು," ಅಂದ ತಿಪ್ಪೇಶಿ. "ನಿನ್ನ ಗಂಡ ಅಲ್ಲಿ ಒಂಟಿಯಾಗಿದಾನೆ, ನಮ್ಮ ಸಂಸಾರ ಕಂಡ್ರೆ ನಿನಗೆ ಹೊಟ್ಟೆ ಉರಿ. ನಾಳೆ ಮಂಡಳಿ ಸಾಹೇಬರು ಪರೀಕ್ಷೆಗೆ ಬರ್ತಾರೆ. ಅವರೇ ಹೇಳಲಿ. ನೀನು ಹೊರಗೆ ನಡಿ."

"ಹೋಗ್ತೀನಿ ಕಣೋ. ಬೂದಿ ಬಿದ್ದಾಗ ನೀನು ಗುಡಿಸಿಕೋ," ಅಂತ ಹೊರಗೆ ಬಂದೆ. ಹೊಟ್ಟೆ ಉರಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಹೊಟ್ಟೆ ಉರಿದವಳು ಹೇಳಿದ ಮಾತ್ರಕ್ಕೆ ನಿಜ ಸುಳ್ಳಾಗುತ್ತದಾ?

ಮರುದಿನ ಬೆಳಗ್ಗೆ ದ್ವೀಪದ ಸಾಹೇಬ ಬಂದ. ಸಣ್ಣ ಆಳು, ಬಿಳಿ ಟೋಪಿ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ. ಅವನ ದೇಶದಲ್ಲೂ ಇಂಥ ಬೆಟ್ಟಗಳು ಸಾಲುಸಾಲಾಗಿ ಇವೆಯಂತೆ. ಗೋಪುರದ ಮುಂದಿನ ಬಯಲಿನಲ್ಲಿ ಎರಡು ಕುರ್ಚಿ ಹಾಕಿಸಿದ. ಒಂದರಲ್ಲಿ ತಾನು, ಇನ್ನೊಂದರಲ್ಲಿ ಮಿರೋಕಾ. ಬೆಟ್ಟ ಸದ್ದು ಮಾಡಿದಾಗ ಅವಳು ಕೈ ಎತ್ತಬೇಕು, ಅವನೂ ಹಾಳೆಯ ಮೇಲೆ ಗುರುತು ಹಾಕಿಕೊಳ್ಳುತ್ತಾನೆ. ಎರಡೂ ತಾಳೆಯಾದರೆ ಪಾಸು. ಊರೆಲ್ಲ ಸುತ್ತ ನಿಂತಿತ್ತು.

ಮಿರೋಕಾ ಕೈ ಎತ್ತಿದಳು. ಸಾಹೇಬ ಗುರುತು ಹಾಕಿದ. ಮತ್ತೆ ಎತ್ತಿದಳು. ಮತ್ತೆ ಗುರುತು. ಸ್ವಲ್ಪ ಜೋರು, ಸ್ವಲ್ಪ ಸಣ್ಣದು ಅಂತ ಬೆರಳಲ್ಲಿ ತೋರಿಸುತ್ತಲೂ ಇದ್ದಳು. ಎಲ್ಲ ತಾಳೆಯಾಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನನಗೇ ಗಾಬರಿ, ಸುಮ್ಮನೆ ಅವಳ ಮೇಲೆ ಹಾರಾಡಿದೆನಾ ಅಂತ. ಆಗ ಅವಳ ಕಣ್ಣು ಎಲ್ಲಿದೆ ಅಂತ ನೋಡಿದೆ. ಬೆಟ್ಟದ ಕಡೆ ಇರಲಿಲ್ಲ. ಜನರ ನಡುವೆ, ನಮ್ಮೂರ ಯಜಮಾನ ರುದ್ರಮುನಿಯಪ್ಪನ ಪಕ್ಕದಲ್ಲಿ, ಸೂಜಿ ಲಾಜೊ ನಿಂತಿದ್ದ. ಅವನು ಗಡ್ಡ ಕೆರೆದಾಗ ಅವಳ ಕೈ ಮೇಲೇಳುತ್ತಿತ್ತು. ಯಜಮಾನರಿಗೆ ಗೊತ್ತಿತ್ತು. ತಿಪ್ಪೇಶಿಗೆ ಗೊತ್ತಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಿಂತಿದ್ದ ರೀತಿ ನೋಡಿದರೆ ಅವರಿಗೂ ಗೊತ್ತಿತ್ತು. ಮೀರಕ್ಕನನ್ನು ಕಳಿಸಿಬಿಡುತ್ತಾರೆ ಅಂತ ಊರೆಲ್ಲ ಸೇರಿ ಮಾಡಿದ ಕೆಲಸ ಅದು. ತಮ್ಮ ಕಿವಿಗೆ ತಾವೇ ಅರಳೆ ತುರುಕಿಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು.

ನಾನು ಬಯಲಿನ ನಡುವೆ ಹೋಗಿ ನಿಂತೆ. "ಸಾಹೇಬ್ರೇ, ಅವಳ ಕುರ್ಚಿ ಆ ಕಡೆ ತಿರುಗಿಸಿ. ಜನರಿಗೆ ಬೆನ್ನು ಹಾಕಿ ಕೂರಲಿ."

"ಏ ದ್ಯಾಮಕ್ಕ, ಹಿಂದಕ್ಕೆ ಬಾ!" ಅಂತ ಯಜಮಾನರು ಕೂಗಿದರು.

"ನೀವು ಮುಂದಕ್ಕೆ ಬನ್ನಿ ಯಜಮಾನ್ರೇ, ಗಡ್ಡ ಕೆರೀರಿ. ಇಲ್ಲಿ ಬಹಳ ಜನಕ್ಕೆ ಗಡ್ಡ ಕೆರೀತಾ ಇದೆ."

ಸಾಹೇಬ ನನ್ನನ್ನು ನೋಡಿದ, ಲಾಜೊನನ್ನು ನೋಡಿದ. ಎದ್ದು ತಾನೇ ಕುರ್ಚಿ ತಿರುಗಿಸಿದ. ಮಿರೋಕಾ ಕೂತಳು. ಸ್ವಲ್ಪ ಹೊತ್ತಿಗೆ ಲಾಜೊ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ. ಸಾಹೇಬನ ಟೋಪಿ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ. ಮಿರೋಕಾ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೆಟ್ಟವನ್ನು ನೋಡುತ್ತಾ ಕೂತಿದ್ದಳು, ನಾವೆಲ್ಲ ನೋಡುವ ಹಾಗೇ.

"ಯಾವಾಗಿನಿಂದ?" ಅಂತ ಕೇಳಿದೆ.

"ಗೊತ್ತಿಲ್ಲ ಅತ್ತಿಗೆ," ಅಂದಳು. "ಮೊದಮೊದಲು ದೂರ ಹೋದ ಹಾಗೆ ಆಯ್ತು. ಬೆಟ್ಟ ಸುಮ್ಮನಾಗ್ತಿದೆ ಅಂದುಕೊಂಡೆ. ಸುಮ್ಮನಾಗಿದ್ದು ಬೆಟ್ಟ ಅಲ್ಲ ಅಂತ ಗೊತ್ತಾದಾಗ ಹೇಳೋಕೆ ಬಾಯಿ ಬರಲಿಲ್ಲ. ಹೇಳಿದ್ರೆ ಹೋಗಬೇಕು. ನಾನು ಎಲ್ಲಿಗೆ ಹೋಗಲಿ?"

ಊರು ಅವಳ ಮೇಲೆ ಸಿಟ್ಟಾಗಲಿಲ್ಲ. ನನ್ನ ಮೇಲೆ ಸಿಟ್ಟಾಯಿತು. ಗಂಡನನ್ನು ಕರೆಸಿಕೊಳ್ಳೋಕೆ ಮನೆ ಮುರಿದಳು ಅಂದರು. ನಾನು ಅವರ ಕಡೆ ತಿರುಗಲೂ ಇಲ್ಲ. ಸಾಹೇಬನನ್ನು ಹಿಡಿದುಕೊಂಡೆ. "ನಿಮಗೆ ಕೇಳಿಸ್ತಿದೆ ತಾನೇ? ಎದ್ದು ಬರ್ತಿದೆಯಾ?"

"ನನ್ನ ಅಭಿಪ್ರಾಯದಲ್ಲಿ, ಅತ್ಯಂತ ಸಮೀಪದಲ್ಲಿದೆ," ಅಂದ.

"ಹಾಗಾದ್ರೆ ಸೈರನ್ ಕೂಗಿಸಿ."

"ತಾವು ದಯವಿಟ್ಟು ಶಾಂತರಾಗಬೇಕು. ನನಗೆ ಅಧಿಕಾರವಿಲ್ಲ. ನಾನು ಪರೀಕ್ಷಕ ಮಾತ್ರ. ಎರಡೂ ರಾಜಧಾನಿಗಳಿಗೆ ತಂತಿ ಕಳಿಸಿ ಒಪ್ಪಿಗೆ ತರಿಸಬೇಕು. ಪರದೇಶದ ನಾನು ಕೂಗಿಸಿ, ಬೆಟ್ಟ ಬರದಿದ್ದರೆ, ಮುಂದೆ ಯಾವ ದೇಶವೂ ನಮ್ಮ ಮಾತನ್ನು ನಂಬುವುದಿಲ್ಲ. ಈ ಕರಾರು ಬಹಳ ಕಷ್ಟದಿಂದ ಆದದ್ದು."

"ತಂತಿ!" ಅಂತ ಕಿರುಚಿದೆ. "ಬೂದಿ ಬಂದು ಬಾಯಿ ತುಂಬೋ ಹೊತ್ತಿಗೆ ನಿಮ್ಮ ತಂತಿಗೆ ಉತ್ತರ ಬರುತ್ತೆ. ಹತ್ತಾರು ದೇಶ ಸೇರಿ ಒಂದು ಬೀಗ ಮಾಡಿದ್ರಿ, ಆ ಬೀಗ ತೆಗೆಯೋಕೆ ಒಂದು ಕೈ ಇಲ್ವಲ್ಲರೀ ನಿಮ್ಮ ಹತ್ರ! ಕಿವಿ ಇರೋವರಿಗೆ ಅಧಿಕಾರ ಇಲ್ಲ, ಅಧಿಕಾರ ಇರೋವಳಿಗೆ ಕಿವಿ ಇಲ್ಲ. ಇದಕ್ಕೆ ಕುರ್ಚಿ ಬೇರೆ ಹಾಕಿಸಿದ್ರಾ?"

ಸಾಹೇಬ ಬಾಯಿ ತೆರೆಯುವ ಮೊದಲೇ ಮಿರೋಕಾ ಎದ್ದಳು. ಸೊಂಟದ ಬೀಗದ ಕೈ ಬಿಚ್ಚಿ ಸಾಹೇಬನ ಮುಖದ ಮುಂದೆ ಹಿಡಿದಳು. "ನನ್ನನ್ನು ತೆಗೆದು ಹಾಕಿದ ಕಾಗದ ಬಂದಿದೆಯಾ?"

"ಇಲ್ಲ. ಅದಕ್ಕೂ ಕ್ರಮವಿದೆ."

"ಕಾಗದ ಬರೋವರೆಗೆ ಈ ಊರಿನ ಕಿವಿ ನಾನೇ." ಅವಳು ಲಾಜೊನ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಕೇಳಿದಳು. ತಡವರಿಸಿದಳು, ಮಾತು ಮರೆತವಳ ಹಾಗೆ ಹುಡುಕಿದಳು. ಅವನು ಎರಡೂ ಕೈಯನ್ನು ನೆಲದಿಂದ ಆಕಾಶಕ್ಕೆ ಎತ್ತಿ ತೋರಿಸಿದ. ಅವಳು ಗೋಪುರ ಹತ್ತಿದಳು. ಸೈರನ್ ಕೂಗಿತು.

ಜನ ಓಡಬೇಕಿತ್ತು. ನಿಂತರು. ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲ, ಕಿವುಡಿ ಕೂಗಿಸಿದ ಸೈರನ್ನಿಗೆ ಓಡಬೇಕಾ ಅಂತ ಒಬ್ಬ. ಯಜಮಾನರು ಪಂಚಾಯ್ತಿ ಸೇರಿ ಮಾತಾಡೋಣ ಅಂದರು. ಒಬ್ಬಳು ಒಲೆಯ ಮೇಲೆ ಹಾಲಿದೆ ಅಂತ ಮನೆಯ ಕಡೆಗೇ ನಡೆದಳು. ಇಷ್ಟು ಹೊತ್ತು ಅವಳ ಕಿವಿ ಚೆನ್ನಾಗಿದೆ ಅಂತ ಚಪ್ಪಾಳೆ ತಟ್ಟಿದ ಜನ! ನನ್ನ ತಲೆ ಸಿಡಿದುಹೋಯಿತು. ಅವತ್ತು ನಾನು ಆಡಿದ ಮಾತುಗಳನ್ನು ಬರೆಯೋಕೆ ಆಗುವುದಿಲ್ಲ. ಯಜಮಾನರ ಪಂಚೆ ಹಿಡಿದು ಎಳೆದೆ. ಹಾಲಿನವಳ ಜಡೆ ಹಿಡಿದು ಹೊಳೆಯ ಕಡೆ ತಿರುಗಿಸಿದೆ. ಮನೆಮನೆಗೆ ನುಗ್ಗಿ, ಅವರ ತಾತ ಮುತ್ತಾತರ ಕಾಲದ ಬೈಗುಳ ಎಲ್ಲ ಹೊರಗೆ ತೆಗೆದೆ. ಮಲಗಿದ್ದ ಮುದುಕರನ್ನು ಚಾಪೆ ಸಮೇತ ಎಳೆಸಿದೆ. ಜನ ಸೈರನ್ನಿಗೆ ಹೆದರಲಿಲ್ಲ, ಬೆಟ್ಟಕ್ಕೆ ಹೆದರಲಿಲ್ಲ, ನನ್ನ ಬಾಯಿಗೆ ಹೆದರಿ ಹೊಳೆ ದಾಟಿದರು. ತಿಪ್ಪೇಶಿ ನನ್ನ ಹಿಂದೆಯೇ ಬಂದು, ನಾನು ಬೈದು ಎಬ್ಬಿಸಿದವರನ್ನು ಹೊತ್ತು ಸಾಗಿಸಿದ. ಮಿರೋಕಾ ಎಲ್ಲರೂ ದಾಟುವವರೆಗೆ ಸೈರನ್ ನಿಲ್ಲಿಸಲಿಲ್ಲ. ಕೊನೆಗೆ ಅವಳನ್ನು ಗೋಪುರದಿಂದ ಇಳಿಸಿದವಳೂ ನಾನೇ.

ಮಧ್ಯಾಹ್ನ ಬೆಟ್ಟ ಬಾಯಿ ತೆರೆಯಿತು. ಹೊಳೆಯ ಆಚೆಯ ಹುಲ್ಲುಗಾವಲಿನಲ್ಲಿ ನಿಂತು ನೋಡಿದೆವು. ಕಪ್ಪು ಮೋಡ ಬೆಟ್ಟದ ತಲೆಯಿಂದ ಎದ್ದು ಅಗಲವಾಯಿತು, ಅದರೊಳಗೆ ಕೆಂಪು ಹೊಳೆಯುತ್ತಿತ್ತು. ಒಂದು ಚೂರೂ ಸದ್ದಿಲ್ಲ. ಊರ ಮೇಲೆ ಬೂದಿ ಇಳಿಯಿತು, ಹಿಮ್ಮಡಿ ಉಜ್ಜುವ ಕಲ್ಲಿನಂಥ ಹಗುರ ಕಲ್ಲುಗಳು ಸುರಿದವು. ಸೂರುಗಳು ಮೆಲ್ಲಗೆ ಬಗ್ಗಿದವು. ಹೆಂಚು ಒಡೆಯುವುದು, ತೊಲೆ ಮುರಿಯುವುದು, ಬಿಟ್ಟು ಬಂದ ಎಮ್ಮೆಗಳು ಕೂಗುವುದು ಮಾತ್ರ ಕೇಳಿಸುತ್ತಿತ್ತು. ಲಾಜೊ ನೆಲಕ್ಕೆ ಹಣೆ ಒತ್ತಿ, ಕಿವಿ ಮುಚ್ಚಿಕೊಂಡು ನರಳುತ್ತಿದ್ದ. ಸಾಹೇಬ ಟೋಪಿಯನ್ನು ಎರಡೂ ಕಿವಿಗೆ ಒತ್ತಿಕೊಂಡಿದ್ದ, ಅವನ ಕಣ್ಣಲ್ಲಿ ನೀರು. ಅವರಿಬ್ಬರ ಪಕ್ಕದಲ್ಲಿ ಮಿರೋಕಾ ಕೈ ಕಟ್ಟಿಕೊಂಡು ನಿಂತಿದ್ದಳು, ಕಿವಿ ಮುಚ್ಚದೆ, ನಮ್ಮೆಲ್ಲರ ಹಾಗೆ, ತನ್ನ ಮನೆಯ ಸೂರು ಬೀಳುವುದನ್ನು ನೋಡುತ್ತಾ. ಊರಲ್ಲಿ ಒಂದು ಜೀವವೂ ಹೋಗಲಿಲ್ಲ, ಎಮ್ಮೆಗಳನ್ನು ಬಿಟ್ಟರೆ.

ಆಮೇಲೆ ದೇಶದೇಶಗಳಿಂದ ಡೇರೆ ಬಂತು, ಕಂಬಳಿ ಬಂತು, ಬೂದಿ ಉಸಿರಿಗೆ ಹೋಗದಂತೆ ಮೂಗಿಗೆ ಕಟ್ಟುವ ಬಟ್ಟೆ ಬಂತು. ಕಾಗದವೂ ಬಂತು. ಸಾಹೇಬ ಡೇರೆಯ ಕೆಳಗೆ ಮೇಜು ಹಾಕಿಸಿ ಅದನ್ನು ಓದಿದ. ಎರಡೂ ಕಡೆಯ ಕಿವಿಗಳನ್ನು ಬದಲಾಯಿಸಲಾಗುವುದು. ಓಬಳೇಶನಿಗೆ ಬಿಡುಗಡೆ. ಹೊಸ ಕಿವಿ ಆಚೆ ದೇಶದಿಂದ ಬರುತ್ತದೆ. ಅದು ಬರಬೇಕಾದರೆ ಮಿರೋಕಾ ಈ ಬೆಟ್ಟದ ಸುತ್ತಲಿನ ಯಾವ ಊರಲ್ಲೂ ಇರಕೂಡದು.

ತಿಪ್ಪೇಶಿ ಮೇಜು ಹಿಡಿದು ನಿಂತ. ನಾನು ಮುಂದೆ ನುಗ್ಗಿದೆ. "ಯಾಕೆ ಇರಕೂಡದು? ಕಿವಿ ಕೆಲಸ ಹೋಯ್ತು, ಸರಿ. ಹೆಂಗಸಾಗಿ ಇರಲಿ. ಅವಳು ನಮ್ಮೂರವಳು ಅಂತ ಬೆಟ್ಟವೇ ಒಪ್ಪಿದೆ, ನಿಮ್ಮ ಮಂಡಳಿಗೆ ಒಪ್ಪೋಕೆ ಏನು ಕಷ್ಟ?"

"ತಾಯಿ, ಹೊಸಬನು ಆಕೆಯ ದೇಶದವನು," ಅಂದ ಸಾಹೇಬ. "ಅವನ ಭಾಷೆ ಬಲ್ಲವರು ಈ ಊರಿನಲ್ಲಿ ಆಕೆ ಒಬ್ಬಳೇ. ಮೊದಲ ವಾರ ಅವನು ಯಾರ ಮನೆಗೆ ಹೋಗುತ್ತಾನೆ? ಆಕೆ ಊಟಕ್ಕೆ ಕರೆಯದೇ ಇರುತ್ತಾಳೆಯೇ? ನೀವು ಕರೆಯದೇ ಇರುತ್ತೀರೇ? ಮುಂದಿನ ಸಲ ಪರೀಕ್ಷೆಗೆ ನಾನು ಬರದಿದ್ದರೆ ಏನಾಗುತ್ತದೆ?"

ಅವನು ಹೇಳಿದ್ದು ಸರಿ. ಸರಿ ಅಂತ ಗೊತ್ತಾದದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಆಚೆಯವರು ನನ್ನ ಗಂಡನ್ನ ಗೋಡೆ ಮೇಲಿನ ಕಾಗೆ ಹಾಗೆ ಸಾಕಿದ್ರಲ್ಲ, ಅದು ಸರೀನಾ? ಅದಕ್ಕೆ ಹೊಗಳಿಕೆ ಕಾಗದ ಕೊಡ್ತೀರಿ. ಒಬ್ಬರಿಗೆ ಅನ್ನ ಹಾಕಿದ್ದಕ್ಕೆ ಶಿಕ್ಷೆ ಕೊಡ್ತೀರಿ. ಜೀವ ಉಳಿಯೋಕೆ ಮನುಷ್ಯರು ಮನುಷ್ಯರ ಹತ್ರ ಮಾತಾಡಬಾರದು ಅಂದ್ರೆ ಆ ಜೀವ ಉಳಿಸಿ ಏನು ಮಾಡ್ತೀರಿ?"

"ಈಗ ಬಂದ್ಲು ಅನ್ನ ಹಾಕೋಳು!" ಅಂತ ಹಿಂದಿನಿಂದ ಯಜಮಾನರು ಎದ್ದರು. "ಬಯಲಲ್ಲಿ ಅವಳ ಮಾನ ಕಳೆದವಳು ನೀನು. ನೀನು ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಇವತ್ತು ಈ ಕಾಗದ ಬರ್ತಿತ್ತಾ?"

"ನಾನು ಬಾಯಿ ಮುಚ್ಚಿಕೊಂಡಿದ್ರೆ ಕಾಗದ ಓದಿಸಿಕೊಳ್ಳೋಕೆ ನೀವು ಇರ್ತಿರಲಿಲ್ಲ ಯಜಮಾನ್ರೇ, ನಿಮ್ಮ ಮೀಸೆ ಬೂದಿಯಲ್ಲಿ ಬೆಂದಿರ್ತಿತ್ತು!"

"ಅಕ್ಕ, ನೀನು ಮೊದಲಿಂದಲೂ ಅವಳನ್ನ ನಾದ್ನಿ ಅಂತ ಒಂದು ಸಲಾನೂ ಕರೀಲಿಲ್ಲ," ಅಂತ ತಿಪ್ಪೇಶಿ ಬಾಯಿ ಬಿಟ್ಟ. "ಇವತ್ತು ನಮ್ಮೂರವಳು ಅಂತೀಯ. ನಿನ್ನ ಗಂಡ ಬರ್ತಾನೆ, ನನ್ನ ಹೆಂಡತಿ ಹೋಗ್ತಾಳೆ. ಲೆಕ್ಕ ಸರಿ ಹೋಯ್ತಲ್ಲ ನಿನಗೆ?"

"ನಿನ್ನ ಬಾಯಿಗೆ ಬೂದಿ ಬೀಳ. ಕರೀದೇ ಇದ್ದದ್ದು ಅವಳ ಕಿವಿ ಉಳೀಲಿ ಅಂತ ಕಣೋ ಮುಠ್ಠಾಳ! ಈ ಊರಲ್ಲಿ ಒಬ್ಬಳಾದ್ರೂ ಕರೀದೇ ಇರಲಿ ಅಂತ!"

ಆಮೇಲೆ ಯಾರು ಯಾರಿಗೆ ಏನಂದರು ಅಂತ ನೆನಪಿಲ್ಲ. ಎಲ್ಲರೂ ಕೂಗುತ್ತಿದ್ದರು. ಹೆಂಗಸರು ಸಾಹೇಬನಿಗೆ ಶಾಪ ಹಾಕಿದರು, ಗಂಡಸರು ಕರಾರು ಹರಿಯುತ್ತೇವೆ ಅಂದರು, ಒಬ್ಬ ಹೊಸ ಕಿವಿಯೇ ಬೇಡ ಅಂದ, ಅವನ ಹೆಂಡತಿ ಅವನ ಬೆನ್ನಿಗೆ ಗುದ್ದಿದಳು. ಸಾಹೇಬ ಕಾಗದ ಎದೆಗೆ ಅವಚಿಕೊಂಡು ಶಾಂತರಾಗಬೇಕು, ಶಾಂತರಾಗಬೇಕು ಅನ್ನುತ್ತಿದ್ದ. ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಮಿರೋಕಾ ಇರಬೇಕು, ಇದ್ದೇ ಇರಬೇಕು ಅಂತ ಮೇಜು ಗುದ್ದಿ, ಅವಳನ್ನೇ ಕೇಳೋಣ, ಅವಳು ಏನಂತಾಳೋ ಹಾಗೆ ಅಂತ ತಿರುಗಿ ನೋಡಿದೆ.

ಮೇಜಿನ ಮೂಲೆಯಲ್ಲಿ ಬೀಗದ ಕೈ ಇತ್ತು. ಅವಳು ಇರಲಿಲ್ಲ. ನಾವೆಲ್ಲ ಅವಳಿಗಾಗಿ ಕೂಗಾಡುತ್ತಿದ್ದಾಗ ನಮ್ಮ ನಡುವಿನಿಂದಲೇ ದಾಟಿ ಹೋಗಿದ್ದಳು. ಡೇರೆಯ ಹೊರಗಿನ ಬೂದಿಯಲ್ಲಿ ಹೆಜ್ಜೆ ಕಾಣಿಸಿತು, ಕಣಿವೆಯ ಕಡೆಗೆ. ತಿಪ್ಪೇಶಿ ಹೆಸರು ಕೂಗುತ್ತಾ ಓಡಿದ. ಬಂಡೆ ಶುರುವಾಗುವಲ್ಲಿ ಹೆಜ್ಜೆ ನಿಂತಿತ್ತು. ಸಂಜೆಯವರೆಗೂ ಹುಡುಕಿ ಒಬ್ಬನೇ ವಾಪಸ್ ಬಂದ.

ಆ ವಾರವೇ ಅದೇ ಕಣಿವೆಯಿಂದ ಓಬಳೇಶ ಇಳಿದು ಬಂದ. ಆಚೆ ಊರಿಗೆ ಯಾರೂ ಬಂದಿಲ್ಲ ಅಂದ. ದಾರಿಯಲ್ಲೂ ಯಾರೂ ಸಿಗಲಿಲ್ಲವಂತೆ. ಸರಿಯಾಗಿ ನೋಡಿದ್ಯಾ ಅಂತ ಅವನ ಮೇಲೂ ಕೂಗಾಡಿದೆ. ಅವನು ತಟ್ಟೆ ಎತ್ತಿಕೊಂಡು ಡೇರೆಯ ಮೂಲೆಗೆ ಹೋದ. ತಿಪ್ಪೇಶಿ ಅವನು ಬಂದ ದಾರಿಯಲ್ಲೇ ಮತ್ತೆ ಹುಡುಕಿಕೊಂಡು ಹೊರಟ. ಅವಳು ಆಚೆಗೂ ಹೋಗಲಿಲ್ಲ, ಈಚೆಗೂ ಬರಲಿಲ್ಲ.